‘ಆಡ್ತಿದ್ರು’ ಅಂದೆಯಲ್ಲ ಸುವರ್ಣಾ

ತಿಪಟೂರು
೨೧-೩-೧೯೮೨, ಭಾನುವಾರ

ಸೌ. ಸುವರ್ಣಮ್ಮನಿಗೆ ಗುರುಶಾಂತಮ್ಮ ಬರೆಯುವ ಕಾಗದ.

‘ಇಲ್ಲಿ ಎಲ್ಲರೂ ಕ್ಷೇಮ, ಅಲ್ಲಿಯ ಕ್ಷೇಮಕ್ಕೆ ಬರೆಯುವುದು’ ಎಂದು ಇಷ್ಟು ವರ್ಷ ನಿನಗೆ ಬರೆದಿದ್ದೇನೆ. ಇವತ್ತು ಆ ಸಾಲು ಕೈಗೆ ಬರುತ್ತಿಲ್ಲ. ಮೈಗೇನೂ ಆಗಿಲ್ಲ. ಹೊತ್ತು ಹೊತ್ತಿಗೆ ಉಣ್ಣುತ್ತಿದ್ದೇನೆ, ಯುಗಾದಿ ಹತ್ತಿರ ಬಂತೆಂದು ಗೋಡೆಗೆ ಸುಣ್ಣ ಹೊಡೆಸುತ್ತಿದ್ದೇನೆ. ಸಿಟ್ಟು ಮಾತ್ರ ಇಳಿಯುತ್ತಿಲ್ಲ. ಅದನ್ನು ಬೇಳೆಯ ಜೊತೆ ಬೇಯಿಸಿ ನೋಡಿದೆ, ಬಟ್ಟೆಯ ಜೊತೆ ಕಲ್ಲಿಗೆ ಬಡಿದು ನೋಡಿದೆ, ಹೋಗಲಿಲ್ಲ. ಹಾಗಾಗಿ ಬರೆದು ನಿನಗೇ ಕಳಿಸುತ್ತಿದ್ದೇನೆ.

ನಿನಗೆ ಗೊತ್ತಿರುವುದನ್ನೇ ಮೊದಲಿಂದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಅವತ್ತು ನಮ್ಮ ನಡುಮನೆಯಲ್ಲಿ ನೀನು ಕೂತಿದ್ದ ರೀತಿ ನೋಡಿದರೆ ನಿನಗೆ ಒಂದೂ ನೆನಪಿಲ್ಲವೆಂದು ತೋರಿತು.

ಹುಳಿಯಾರಿನ ಪೇಟೆಬೀದಿಯಲ್ಲಿ ನಿಮ್ಮ ಮನೆ, ನಮ್ಮ ಮನೆ ಎದುರುಬದುರು. ನಿಮ್ಮಪ್ಪನದು ಕಂಬಳಿ ವ್ಯಾಪಾರ, ನಮ್ಮಪ್ಪನದು ದಿನಸಿ ಅಂಗಡಿ. ಸುಗ್ಗಿ ಮುಗಿದ ಮೇಲೆ ಚನ್ನಪಟ್ಟಣದ ಕಡೆಯ ಸಾಬರೊಬ್ಬರು ಸಂತೆಗೆ ಬರುತ್ತಿದ್ದರು. ತಲೆಯ ಮೇಲಿನ ಬುಟ್ಟಿ ತುಂಬ ಅರಗಿನ ಬಣ್ಣ ಬಳಿದ ಮರದ ಗೊಂಬೆಗಳು. ಬುಗುರಿ, ಗಿಲಕಿ ಎಲ್ಲ ವರ್ಷವೂ ಇರುತ್ತಿದ್ದವು. ಆದರೆ ಮನುಷ್ಯರ ಗೊಂಬೆ ಮಾತ್ರ ವರ್ಷಕ್ಕೊಂದೇ ಬಗೆ. ಒಂದು ವರ್ಷ ಮೊಸರು ಮಾರುವವಳು, ಒಂದು ವರ್ಷ ಪೇಟ ಸುತ್ತಿದ ಶ್ಯಾನುಭೋಗ, ಇನ್ನೊಂದು ವರ್ಷ ವಾಲಗದವನು, ಆಮೇಲೆ ಮೀಸೆಯ ಪೋಲೀಸಿನವನು. ಹೋದ ವರ್ಷದ್ದು ಬೇಕೆಂದರೆ, ‘ಅದು ಹೋಯ್ತು ಮಗಾ, ಮತ್ತೆ ಬರಾಕಿಲ್ಲ’ ಎನ್ನುತ್ತಿದ್ದರು. ನಮಗೆ ಹುಚ್ಚು ಹಿಡಿಸಿದ್ದೇ ಆ ಮಾತು. ನೆಂಟರು ಕೈಗಿಟ್ಟ ಕಾಸೆಲ್ಲ ಮಡಕೆಯೊಳಗೆ. ಯಾವುದನ್ನೂ ತಪ್ಪಿಸಿಕೊಳ್ಳಬಾರದು. ನಿನಗೆ ದಡಾರ ಎದ್ದು ಮಲಗಿದ್ದ ವರ್ಷ ನಿನ್ನ ಪಾಲಿನದನ್ನೂ ನಾನೇ ಆರಿಸಿ ತಂದು ಕಿಟಕಿಯ ಸರಳಿನೊಳಗಿಂದ ಕೊಟ್ಟೆ. ಅದರ ಮೂಗು ಸೊಟ್ಟ ಎಂದು ನೀನು ಅತ್ತು ನನ್ನದನ್ನು ಕಿತ್ತುಕೊಂಡೆ. ಕೊಟ್ಟೆ. ಜ್ವರದ ಹುಡುಗಿಯ ಹತ್ತಿರ ಏನು ಜಗಳ.

ಬಣ್ಣದಲ್ಲೇ ಸೀರೆ ಬರೆದಿದ್ದರೂ ನಾವು ಅದರ ಮೇಲೆ ಬಟ್ಟೆ ಉಡಿಸುತ್ತಿದ್ದೆವು. ನಿನ್ನ ಹೆಣ್ಣು, ನನ್ನ ಗಂಡು ಎಂದು ಮದುವೆ ಮಾಡಿ, ಹುರಿಗಡಲೆ ಬೆಲ್ಲದ ಊಟ ಹಾಕಿ, ಬೀಗಿತ್ತಿಯರಾದೆವೆಂದು ಒಬ್ಬರನ್ನೊಬ್ಬರು ಬನ್ನಿ ಹೋಗಿ ಎನ್ನುತ್ತ ಬಿದ್ದು ಬಿದ್ದು ನಗುತ್ತಿದ್ದೆವು. ಇದೂ ನೆನಪಿಲ್ಲವೇನೋ.

ಒಂದೇ ವರ್ಷ ಇಬ್ಬರಿಗೂ ಮದುವೆಯಾಯಿತು. ನಾನು ತಿಪಟೂರಿನ ಕೊಬ್ಬರಿ ಮಂಡಿಯವರ ಮನೆಗೆ, ನೀನು ತುರುವೇಕೆರೆಯ ಕಚೇರಿ ಗುಮಾಸ್ತರ ಮನೆಗೆ. ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿ ಗೊಂಬೆಗಳನ್ನು ಇಟ್ಟುಕೊಂಡು ಹೋಗೋಣವೆಂದು ಇಬ್ಬರೂ ಮಾತಾಡಿಕೊಂಡೇ ಹೋದದ್ದು. ನಮ್ಮತ್ತೆ ಹೊಂಬಾಳಮ್ಮ ಟ್ರಂಕು ತೆಗೆದು ನೋಡಿ, ಮಕ್ಕಳಾದ ಮೇಲೆ ಅವು ಆಡಿಕೊಳ್ಳುತ್ತವೆ, ಇರಲಿ ಎಂದರು. ಮಗನಾದ ಮೇಲೆ ನಾನು ಅವನಿಗೆ ಬೇರೆ ಆಟಿಕೆ ಕೊಡಿಸಿದೆ. ನನ್ನವನ್ನು ಮುಟ್ಟಗೊಡಲಿಲ್ಲ. ಅತ್ತೆ ನಕ್ಕರು. ಅವರು ಹೋದ ಮೇಲೆ ನಮ್ಮ ಯಜಮಾನರು ಗಾಜಿನ ಬಾಗಿಲಿನ ಬೀರು ಮಾಡಿಸಿಕೊಟ್ಟರು. ಆಮೇಲೂ ನಾನು ಬೆಂಗಳೂರು, ಮೈಸೂರು ಎಂದು ಎಲ್ಲಿಗೆ ಹೋದರೂ ಹಳೆಯ ಬಗೆಯ ಗೊಂಬೆ ಕಂಡರೆ ತಂದೆ. ಬೀರು ತುಂಬಿತು.

ನಿನಗೆ ಪ್ರತಿ ಗೌರಿಹಬ್ಬಕ್ಕೆ ಬಾಗಿನದ ಜೊತೆ ಒಂದು ಪುಟ್ಟ ಸೀರೆಯನ್ನೋ ಲಂಗವನ್ನೋ ಹೊಲಿದು ಕಳಿಸುತ್ತಿದ್ದೆ. ‘ಮೊಸರಿನವಳಿಗೆ ಬಹಳ ಒಪ್ಪಿತು’ ಎಂದು ನೀನು ಬರೆಯುತ್ತಿದ್ದೆ. ನಿಮ್ಮ ಮನೆಗೆ ಬಂದಾಗ ಎಲ್ಲಿ, ನೋಡೋಣ ಎಂದರೆ ಟ್ರಂಕು ಅಟ್ಟದ ಮೇಲಿದೆ, ಇಳಿಸಲು ಯಾರೂ ಇಲ್ಲ ಎನ್ನುತ್ತಿದ್ದೆ. ನಾನು ನಂಬಿದೆ. ನಿನ್ನ ಮಾತನ್ನು ನಂಬದೆ ಇರಲು ನನಗೆ ಕಾರಣವೇನಿತ್ತು?

ಈಗ ಈ ವರ್ಷದ ಮಾತಿಗೆ ಬರುತ್ತೇನೆ. ಸಂಕ್ರಾಂತಿ ಕಳೆದು ನಾವು ತುರುವೇಕೆರೆಗೆ ಬಂದು ನಿನ್ನ ಮಗಳು ಸರ್ವಮಂಗಳಳನ್ನು ನೋಡಿದೆವು. ನನ್ನ ಮಗ ರೇಣುಕಪ್ರಸಾದ, ನಮ್ಮ ಪ್ರಸಾದಿ, ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯ ಕಡೆ ತಿರುಗಿ ಕೂತಿದ್ದ, ಆದರೆ ಅವನ ಕಿವಿ ಕೆಂಪಾಗಿದ್ದವು. ಅಂದರೆ ಒಪ್ಪಿದ್ದ. ನಿಮ್ಮ ಅಡುಗೆಮನೆಯಲ್ಲಿ ನೀನು ನನ್ನ ಎರಡೂ ಕೈ ಹಿಡಿದುಕೊಂಡು, ‘ಕೊನೆಗೂ ನಿಜವಾದ ಬೀಗ್ತೀರಾದ್ವಿ ಕಣೇ’ ಎಂದೆ. ನಿನ್ನ ಕಣ್ಣಲ್ಲಿ ನೀರಿತ್ತು. ನಾನು ಕಂಡಿದ್ದೇನೆ, ಇಲ್ಲವೆನ್ನಬೇಡ.

ಆಮೇಲೆ ನೀವು ಮನೆ ನೋಡಲು ನಮ್ಮಲ್ಲಿಗೆ ಬಂದಿರಿ. ನೀನು, ನಿಮ್ಮ ಯಜಮಾನರು ಏಕಾಂತಯ್ಯನವರು, ಮಧ್ಯಸ್ಥಿಕೆಯ ಕಾಡಸಿದ್ದಪ್ಪ, ಮತ್ತು ನಿನ್ನ ಅತ್ತಿಗೆ ಶಿವರುದ್ರಮ್ಮ. ಗಂಡನನ್ನು ಕಳೆದುಕೊಂಡ ಮೇಲೆ ಅವರು ತಮ್ಮನ ಮನೆಯಲ್ಲೇ ಇದ್ದಾರೆ, ಅವರ ಮಾತು ಮೀರಿ ನಿಮ್ಮ ಮನೆಯಲ್ಲಿ ಸಾರಿಗೆ ಉಪ್ಪೂ ಬೀಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದ್ದರಿಂದ ಅವರನ್ನೇ ಹೆಚ್ಚಾಗಿ ಉಪಚರಿಸಿದೆ. ಮಂಡಿ ನೋಡಿದರು, ಅಟ್ಟದ ಮೇಲೆ ಒಣಗಲು ಹಾಕಿದ ಕಾಯಿ ನೋಡಿದರು, ಹಸು ನೋಡಿದರು. ಎಲ್ಲಕ್ಕೂ ತಲೆಯಾಡಿಸಿದರು. ಕೊನೆಗೆ ನಡುಮನೆಯಲ್ಲಿ ಬೀರುವಿನ ಮುಂದೆ ನಿಂತರು.

ಮನೆಯಲ್ಲಿ ಚಿಕ್ಕ ಮಕ್ಕಳು ಯಾರಿದ್ದಾರೆ ಎಂದು ಕೇಳಿದರು. ಯಾರೂ ಇಲ್ಲ, ಅವು ನನ್ನವು ಎಂದೆ. ಹಬ್ಬಕ್ಕೆ ಕೂರಿಸುವವೋ ಎಂದರು. ಅಲ್ಲ, ಯಾವಾಗಲೂ ಹೀಗೇ ಇರುತ್ತವೆ ಎಂದೆ. ಸೀರೆ ಯಾರು ಹೊಲಿದದ್ದು ಎಂದರು. ನಾನೇ ಎಂದು ಬೀರು ತೆಗೆದು ಒಂದೆರಡನ್ನು ಕೈಗೆ ಕೊಟ್ಟೆ. ಹೊಲಿಗೆಯನ್ನು ಹೊಗಳುತ್ತಾರೆ ಎಂದುಕೊಂಡಿದ್ದೆ, ನನ್ನ ದಡ್ಡತನ. ಅವರು ಗೊಂಬೆಯ ಸೆರಗನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ನಕ್ಕರು. ಆಮೇಲೆ ನಿನ್ನ ಕಡೆ ತಿರುಗಿದರು.

‘ನಿಂಗೆ ಗೊತ್ತಿತ್ತಾ ಸುವರ್ಣಾ ಇದು?’

ನೀನು ಕಾಫಿ ಲೋಟದೊಳಗೆ ನೋಡುತ್ತ ಹೇಳಿದೆ: ‘ಚಿಕ್ಕೋರಿದ್ದಾಗ ಆಡ್ತಿದ್ರು ಅನ್ಸುತ್ತೆ ಅಕ್ಕಾ.’

ಆಡ್ತಿದ್ರು. ಆಡ್ತಿದ್ವಿ ಅಲ್ಲ. ಯಾರೋ ಬೀದಿಯವರು, ಯಾವುದೋ ಊರಿನವರು ಆಡುತ್ತಿದ್ದರು, ನೀನು ದೂರದಿಂದ ನೋಡಿರಬಹುದು, ಅದೂ ಖಚಿತವಿಲ್ಲ, ಅನಿಸುತ್ತದೆ ಅಷ್ಟೆ. ಮುಂದೆ ಆದದ್ದಕ್ಕೆಲ್ಲ ನನಗೆ ಇಷ್ಟು ನೋವಾಗಲಿಲ್ಲ, ಸುವರ್ಣಾ. ಆ ಒಂದು ಮಾತು ಊಟ ಮಾಡುವಾಗ ಕಲ್ಲು ಸಿಕ್ಕ ಹಾಗೆ ಇವತ್ತಿಗೂ ಹಲ್ಲಿಗೆ ಸಿಗುತ್ತದೆ.

ಏಕಾಂತಯ್ಯನವರು ಏನೂ ಕೇಳಿಸದವರ ಹಾಗೆ ಇನ್ನೊಂದಿಷ್ಟು ಉಪ್ಪಿಟ್ಟು ಹಾಕಿಸಿಕೊಂಡರು. ಅದನ್ನೂ ಬರೆದಿಡುತ್ತೇನೆ.

ವಾರ ಕಳೆದು ಕಾಡಸಿದ್ದಪ್ಪ ಬಂದ. ಜಾತಕ ಕೂಡಿ ಬರಲಿಲ್ಲ ಎಂದ. ಮೊದಲೇ ಕೂಡಿ ಬಂದ ಜಾತಕ ಒಂದು ವಾರದಲ್ಲಿ ಹೇಗೆ ಬಿಟ್ಟುಹೋಯಿತು ಎಂದು ನಮ್ಮ ಯಜಮಾನರು ಕೇಳಿದರು. ಅವನು ಟವೆಲು ಕೊಡವಿದ, ನೀರು ಕೇಳಿದ, ಮಳೆಯ ಮಾತು ತೆಗೆದ. ಕೊನೆಗೆ ಬಾಯಿಬಿಟ್ಟ. ಅತ್ತೆಯಾಗುವವಳಿಗೆ ತಲೆ ನೆಟ್ಟಗಿಲ್ಲ, ಇಷ್ಟು ವಯಸ್ಸಾಗಿ ಗೊಂಬೆಗೆ ಸೀರೆ ಉಡಿಸಿ ಮಾತಾಡಿಸುತ್ತಾಳೆ, ಅಂಥ ಮನೆಗೆ ಹೆಣ್ಣು ಕೊಟ್ಟರೆ ನಾಳೆ ಏನಾಗುತ್ತದೋ ಎಂದು ಹೆಣ್ಣಿನ ಸೋದರತ್ತೆ ಹೇಳಿದರಂತೆ. ಹೆಣ್ಣಿನ ತಾಯಿ ಏನೆಂದರು ಎಂದು ನಾನು ಬಾಗಿಲ ಹಿಂದಿನಿಂದ ಕೇಳಿದೆ. ‘ಅವ್ರೇನೂ ಅನ್ನಲಿಲ್ಲ ಕಣಮ್ಮ’ ಎಂದ.

ನಾನು ಗೊಂಬೆಗಳನ್ನು ಮಾತಾಡಿಸುವುದಿಲ್ಲ. ಯಾವಾಗಲೋ ಒಮ್ಮೆ, ಧೂಳು ಒರೆಸುವಾಗ, ಏನಯ್ಯಾ ಶ್ಯಾನುಭೋಗ, ನಿನ್ನ ಪೇಟ ಬಣ್ಣಗೆಟ್ಟಿತಲ್ಲ ಎಂದಿರಬಹುದು. ನಮ್ಮ ಬೀದಿಯ ವರ್ತಕರೊಬ್ಬರು ಓಟಕ್ಕೂ ಉಳುಮೆಗೂ ಒದಗದ ಒಂದು ಹೋರಿಗೆ ಬೆಳ್ಳಿಯ ಕೊಂಬಣಸು ಹಾಕಿಸಿ, ದಿನಾ ಬೆಳಿಗ್ಗೆ ಅದರ ಕೊರಳ ಕೆಳಗಿನ ಗಂಗೆದೊಗಲು ನೀವುತ್ತ ಅರ್ಧ ಗಂಟೆ ಮಾತಾಡುತ್ತಾರೆ. ಊರು ಅವರನ್ನು ಶೋಕಿಯವರು ಎನ್ನುತ್ತದೆ, ಹುಚ್ಚರು ಎನ್ನುವುದಿಲ್ಲ. ನಿಮ್ಮ ಯಜಮಾನರು ಭಾನುವಾರ ಇಡೀ ಇಸ್ಪೀಟಾಡುತ್ತಾರೆ. ಅವರಿಗೆ ಹೆಣ್ಣು ಕೊಡಲು ನಿಮ್ಮಪ್ಪ ಹಿಂಜರಿದರೇನು? ಗಂಡಸಿನ ಆಟಕ್ಕೆ ಹವ್ಯಾಸ ಎಂದು ಹೆಸರು. ಹೆಂಗಸಿನ ಆಟಕ್ಕೆ ಮಂತ್ರವಾದಿಯನ್ನು ಕರೆಸುತ್ತಾರೆ.

ಇನ್ನು ಕೆಲವರು ಕನಿಕರ ತೋರಿಸುತ್ತಾರೆ. ಅವರು ಮೇಲೋ, ನಿನ್ನ ಅತ್ತಿಗೆ ಮೇಲೋ ನನಗೆ ತಿಳಿಯದು. ಹೆಣ್ಣು ಮಗುವಾಗಲಿಲ್ಲವಲ್ಲ, ಆ ಕೊರತೆಗೆ ಪಾಪ ಗೊಂಬೆ ಕೂಡಿಟ್ಟಿದ್ದಾರೆ ಎಂದು ಡಾಕ್ಟರ ಹೆಂಡತಿ ಯಾರ ಹತ್ತಿರವೋ ಹೇಳಿದರಂತೆ. ನನಗೆ ಯಾವ ಕೊರತೆಯೂ ಇಲ್ಲ. ಮಧ್ಯಾಹ್ನ ಮಂಡಿಯವರ ಊಟ ಮುಗಿದು, ಪಾತ್ರೆ ತೊಳೆದು, ಕೈ ಒರೆಸಿಕೊಂಡು ಬೀರು ತೆಗೆಯುತ್ತೇನೆ. ಅರಗಿನ ಮೇಲೆ ಬೆಳಕು ಬಿದ್ದರೆ ಆ ಕೆಂಪು, ಆ ಹಳದಿ ನಾನು ಹುಡುಗಿಯಾಗಿದ್ದಾಗ ಹೇಗಿತ್ತೋ ಹಾಗೇ ಇದೆ. ನನಗೆ ಸಂತೋಷವಾಗುತ್ತದೆ. ಅಷ್ಟೇ. ಸಂತೋಷಕ್ಕೆ ಯಾವುದಾದರೂ ದುಃಖದ ಕಾರಣ ಹುಡುಕದೆ ಈ ಜನಕ್ಕೆ ನಿದ್ದೆ ಬರುವುದಿಲ್ಲ.

ಕಾಡಸಿದ್ದಪ್ಪ ಹೋದ ದಿನವೇ ನಮ್ಮ ಮನೆಯಲ್ಲಿ ಗಲಾಟೆಯಾಯಿತು. ಅದನ್ನು ನಿನಗೆ ತಿಳಿಸಬಾರದೆಂದಿದ್ದೆ, ಆದರೆ ತಿಳಿಯಬೇಕು. ನಾನು ಹಿತ್ತಿಲಲ್ಲಿದ್ದೆ. ಒಳಗೆ ಮರ ಮರಕ್ಕೆ ತಾಕುವ ಸದ್ದು ಕೇಳಿ ಬಂದೆ. ಪ್ರಸಾದಿ ಗೊಂಬೆಗಳನ್ನು ಕಾಯಿ ತುಂಬುವ ಗೋಣಿಚೀಲಕ್ಕೆ ಹಾಕುತ್ತಿದ್ದ. ಎಸೆಯುತ್ತಿರಲಿಲ್ಲ, ಆದರೆ ಮೆತ್ತಗೂ ಇಡುತ್ತಿರಲಿಲ್ಲ. ಅಟ್ಟಕ್ಕೆ ಹಾಕುತ್ತೇನೆ, ಮದುವೆಯಾಗುವ ತನಕ ಅಲ್ಲೇ ಇರಲಿ ಎಂದ. ಅಟ್ಟದಲ್ಲಿ ಇಲಿ ಇವೆ ಎಂದೆ. ‘ಇರ್ಲಿ. ನಿನ್ನ ಬೊಂಬೆಗೆ ನಾನ್ಯಾಕಮ್ಮ ದಂಡ ಕಟ್ಬೇಕು?’ ಎಂದ. ಇಪ್ಪತ್ತೈದು ವರ್ಷ ಸಾಕಿದ ಮಗ. ಅವನಿಗೆ ಮಂಗಳ ಮನಸ್ಸಿಗೆ ಬಂದಿದ್ದಳು, ನೋವಾಗಿತ್ತು, ಒಪ್ಪುತ್ತೇನೆ. ಚೀಲ ಅಟ್ಟಕ್ಕೆ ಹೋಯಿತು. ಬೀರುವಿನಲ್ಲಿ ಗೊಂಬೆ ನಿಂತಿದ್ದ ಕಡೆಯೆಲ್ಲ ಧೂಳಿಲ್ಲದ ದುಂಡು ಗುರುತುಗಳು ಉಳಿದವು. ನಾನು ಹೋಗಿ ಅಕ್ಕಿ ಆರಿಸಿದೆ.

ಸಂಜೆ ನಮ್ಮ ಯಜಮಾನರು ಮಂಡಿಯಿಂದ ಬಂದರು. ಕರಿಬಸವಯ್ಯನವರನ್ನು ನೀನು ಬಲ್ಲೆ, ಮಾತಿಗೆ ದುಡ್ಡು ಕೊಡಬೇಕೇನೋ ಎಂಬ ಹಾಗೆ ಇರುವವರು. ಈ ಬೀರು ಮಾಡಿಸಿಕೊಟ್ಟದ್ದು ಬಿಟ್ಟರೆ ಗೊಂಬೆಗಳ ವಿಷಯದಲ್ಲಿ ಒಳ್ಳೆಯದು ಕೆಟ್ಟದ್ದು ಏನೂ ಅಂದವರಲ್ಲ. ಬೀರು ನೋಡಿದರು, ನನ್ನನ್ನು ನೋಡಿದರು. ಪಂಚೆ ಎತ್ತಿ ಕಟ್ಟಿಕೊಂಡು ಏಣಿ ಹತ್ತಿದರು. ಚೀಲವನ್ನು ತಾವೇ ಹೊತ್ತು ಇಳಿಸಿ, ನೆಲದ ಮೇಲೆ ಕೂತು, ಒಂದೊಂದನ್ನೂ ಮೇಲುಹೊದಿಕೆಯಲ್ಲಿ ಒರೆಸಿ ಒಳಗೆ ಇಟ್ಟರು. ಎಲ್ಲವನ್ನೂ ತಪ್ಪು ತಪ್ಪಾಗಿ ಇಟ್ಟರು, ಮದುಮಗಳ ಪಕ್ಕಕ್ಕೆ ಪೋಲೀಸಿನವನನ್ನು ನಿಲ್ಲಿಸಿದರು. ನಾನು ಸರಿಮಾಡಲಿಲ್ಲ, ಇವತ್ತಿಗೂ ಹಾಗೇ ಇದೆ. ಪ್ರಸಾದಿ ಬಾಗಿಲಲ್ಲಿ ನಿಂತಿದ್ದ. ಅವನ ಮುಖ ನೋಡದೆ ಹೇಳಿದರು:

‘ಇವು ಈ ಮನೆಗೆ ನಿನಗಿಂತ ಮುಂಚೆ ಬಂದವು ಕಣ್ಲಾ. ಇವುನ್ನ ಬ್ಯಾಡ ಅನ್ನೋ ಮನೆಯಿಂದ ನಮಗೆ ಹೆಣ್ಣೂ ಬ್ಯಾಡ.’

ಕೈ ತೊಳೆದುಕೊಂಡು ಊಟಕ್ಕೆ ಕೂತರು. ಆಮೇಲೆ ಆ ಮಾತು ಎತ್ತಲಿಲ್ಲ. ನಾನು ಅವರಿಗೆ ಎರಡು ಸಲ ತುಪ್ಪ ಬಡಿಸಿದೆ, ಅದೂ ಅವರಿಗೆ ತಿಳಿದಂತೆ ಕಾಣಲಿಲ್ಲ.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ನಿನ್ನ ಹೆಸರನ್ನು ಬಾಯಲ್ಲಿ ತರುವುದು ಬೇಡವೆಂದು ತೀರ್ಮಾನ ಮಾಡಿದ್ದೆ. ಹೋದ ಸೋಮವಾರ ಹನ್ನೊಂದು ಗಂಟೆಯ ಹೊತ್ತಿಗೆ ಬಾಗಿಲಲ್ಲಿ ಯಾರೋ ಚಪ್ಪಲಿ ಬಿಟ್ಟ ಸದ್ದಾಯಿತು. ನೋಡಿದರೆ ನಿನ್ನ ಮಗಳು. ಒಬ್ಬಳೇ. ಟೈಪಿಂಗ್ ಪರೀಕ್ಷೆಗೆ ತಿಪಟೂರಿಗೆ ಹೋಗುತ್ತೇನೆಂದು ಹೇಳಿ ಬಂದಿದ್ದಳಂತೆ. ಅವಳಿಗೆ ಬಯ್ಯಬೇಡ. ನಾನು ಬೇಕಾದಷ್ಟು ಬೈದಿದ್ದೇನೆ, ವಯಸ್ಸಿಗೆ ಬಂದ ಹುಡುಗಿ ಹೀಗೆ ಬರಬಹುದೇ ಎಂದು. ಅವಳು ನಿಂತು ಕೇಳಿಸಿಕೊಂಡು, ಎಲ್ಲ ಆದ ಮೇಲೆ, ಗೊಂಬೆಗಳನ್ನು ಒಮ್ಮೆ ನೋಡಬಹುದೇ ಅತ್ತೆ ಎಂದಳು.

ತೋರಿಸಿದೆ. ಒಂದೊಂದನ್ನೂ ಎರಡು ಕೈಯಲ್ಲಿ ತೆಗೆದುಕೊಂಡಳು. ಮೈಮೇಲಿನ ಬಟ್ಟೆಯನ್ನು ಬಹಳ ಹೊತ್ತು ನೋಡಿದಳು, ಅಂಚಿನ ಹೊಲಿಗೆಯನ್ನು ಬೆರಳಿನಿಂದ ಸವರಿದಳು. ‘ಇದೇ ಹೊಲಿಗೆ’ ಎಂದಳು. ಏನು ಎಂದೆ. ಆಗ ಅವಳು ಹೇಳಿದ್ದನ್ನು ನಿನಗೆ ಹೇಗೆ ಬರೆಯಲಿ? ನಿನ್ನದೇ ಬದುಕು ಅದು, ನೀನೇ ನನಗೆ ಹೇಳಬೇಕಾಗಿತ್ತು.

ನಿಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆ ಇದೆಯಂತೆ. ಅದರೊಳಗೆ ನುಸಿಗುಳಿಗೆ ಹಾಕಿ ಮಡಿಸಿಟ್ಟ ಪುಟ್ಟ ಪುಟ್ಟ ಸೀರೆ, ಲಂಗ, ರವಿಕೆ. ನಾನು ಗೌರಿಹಬ್ಬಕ್ಕೆ ಕಳಿಸಿದವು, ಒಂದೂ ಬಿಡದೆ ಎಲ್ಲ. ಗೊಂಬೆ ಮಾತ್ರ ಒಂದೂ ಇಲ್ಲ. ಮಂಗಳ ಚಿಕ್ಕವಳಿದ್ದಾಗ ಒಮ್ಮೆ ಅದನ್ನು ತೆಗೆದು ನೋಡಿದಾಗ ನೀನು ಅವಳ ಕೈಯಿಂದ ಕಿತ್ತು ಮುಚ್ಚಿದೆಯಂತೆ. ಅಂದಿನಿಂದ ಆ ಹುಡುಗಿ, ತನಗಿಂತ ಮೊದಲು ಒಂದು ಮಗುವಿತ್ತು, ಸತ್ತುಹೋಯಿತು, ಅದರ ಬಟ್ಟೆ ಇವು ಎಂದುಕೊಂಡೇ ಬೆಳೆದಿದ್ದಾಳೆ. ಯಾರನ್ನೂ ಕೇಳಲಿಲ್ಲವಂತೆ, ಅಮ್ಮನಿಗೆ ನೋವಾಗುತ್ತದೆಂದು.

ನೀವು ನಮ್ಮ ಮನೆ ನೋಡಿಕೊಂಡು ಹೋದ ದಿನ ಶಿವರುದ್ರಮ್ಮನವರು ಊಟಕ್ಕೆ ಕೂತಾಗ ನಮ್ಮ ಬೀರುವಿನ ವಿಷಯ ಹೇಳಿ ಎಲ್ಲರನ್ನೂ ನಗಿಸಿದರಂತೆ. ನೀನು ಎಲೆ ಬಿಟ್ಟು ಎದ್ದೆಯಂತೆ. ಮಾರನೆಯ ದಿನ ಮಂಗಳ ಒತ್ತಾಯ ಮಾಡಿದ್ದಕ್ಕೆ ಪೆಟ್ಟಿಗೆ ಇಳಿಸಿ ಎಲ್ಲ ಹೇಳಿದೆಯಂತೆ. ಮದುವೆಯಾಗಿ ಬಂದ ಹೊಸತರಲ್ಲಿ, ಗೊಂಬೆ ಆಡುವವಳಿಗೆ ಮಕ್ಕಳಾಗುವುದಿಲ್ಲ ಎಂದು ನಿನ್ನ ಅತ್ತೆ ಟ್ರಂಕು ಬರಿದು ಮಾಡಿಸಿ ಬಚ್ಚಲ ಒಲೆಗೆ ಹಾಕಿಸಿದ್ದು. ಒಂದೊಂದಾಗಿ ಒಲೆಗೆ ಇಟ್ಟವರು ಇದೇ ಶಿವರುದ್ರಮ್ಮ. ಅರಗು ಕರಗಿ ಉರಿ ಎದ್ದಾಗ ಬಣ್ಣ ಬಣ್ಣದ ಬೆಂಕಿ ನೋಡು ಎಂದು ನಿನ್ನನ್ನು ಕರೆದದ್ದು. ಆ ಉರಿಯಲ್ಲಿ ಕಾದ ಹಂಡೆಯ ನೀರನ್ನೇ ನಿನ್ನ ತಲೆಗೆ ಹುಯ್ದದ್ದು, ದೋಷ ಹೋಗಲಿ ಎಂದು.

ನಾನು ಹುಡುಗಿಯ ಮುಂದೆ ಅಳಲಿಲ್ಲ. ಅಡುಗೆಮನೆಗೆ ಹೋಗಿ ಒಂದು ಕಾಯಿ ಒಡೆದು ತುರಿದೆ. ಅವತ್ತಿನ ಅಡುಗೆಗೆ ಕಾಯಿ ಬೇಕೇ ಇರಲಿಲ್ಲ.

ಸುವರ್ಣಾ, ನೀನು ಆಗ ನನಗೆ ಬರೆದ ಕಾಗದಗಳು ನನಗೆ ಬಾಯಿಪಾಠ. ಮನೆ ದೊಡ್ಡದು, ಬಾವಿಯ ನೀರು ಸಿಹಿ, ಅತ್ತೆ ಒಳ್ಳೆಯವರು ಎಂದು ಬರೆದಿದ್ದೆ. ಮೊಸರಿನವಳು, ವಾಲಗದವನು ಎಲ್ಲ ಸೌಖ್ಯ ಎಂದು ಬರೆದಿದ್ದೆ. ಬೂದಿಯಾದವರ ಸೌಖ್ಯ ಬರೆಯುತ್ತಿದ್ದೆಯಲ್ಲೇ! ನಾನು ಇಲ್ಲಿ ಕೂತು ಅವಕ್ಕೆ ಅಂಚು ಹೊಲಿಯುತ್ತಿದ್ದೆ. ಒಂದು ಸಾಲು ಬರೆದಿದ್ದರೆ ನಾನು ಆವತ್ತೇ ಬಸ್ಸು ಹತ್ತಿ ಬರುತ್ತಿದ್ದೆ. ಬಂದು ಏನು ಮಾಡುತ್ತಿದ್ದೆ ಎಂದು ಕೇಳಬೇಡ. 

ನನಗೆ ಈಗಲೂ ಸಿಟ್ಟಿದೆ. ಯಾರ ಮೇಲೆ ಎಂದು ಬಿಡಿಸಿ ಹೇಳುವುದು ಕಷ್ಟ. ಗೊಂಬೆ ಸುಟ್ಟವರು ನಮ್ಮ ನಡುಮನೆಗೆ ಬಂದು, ನನ್ನ ಉಪ್ಪಿಟ್ಟು ತಿಂದು, ಸುಡದೆ ಉಳಿದ ನನ್ನ ಗೊಂಬೆಗಳ ಸೆರಗೆತ್ತಿ ನಕ್ಕು ಹೋದರು. ನೀನು ಅವರ ಪಕ್ಕದಲ್ಲಿ ಕೂತು ಅವರಿಗೆ ಅಕ್ಕಾ ಎಂದೆ. ಹೆದರಿಕೆ ಎನ್ನುತ್ತೀಯೆ. ಇಷ್ಟು ವರ್ಷವಾಯಿತು, ಅತ್ತೆ ಸತ್ತು ಕಾಲವಾಯಿತು, ಬೆಳೆದ ಮಗಳಿದ್ದಾಳೆ, ಇನ್ನೂ ಯಾವ ಒಲೆಯ ಹೆದರಿಕೆ? ಗೊಂಬೆ ಹೋದದ್ದು ನಿನ್ನ ತಪ್ಪಲ್ಲ. ಆದರೆ ಆಡಿದ್ದನ್ನೂ ಆಡಲಿಲ್ಲ ಎಂದೆಯಲ್ಲ, ಅದನ್ನು ಯಾರೂ ನಿನ್ನ ಕೈಯಿಂದ ಕಿತ್ತುಕೊಂಡಿರಲಿಲ್ಲ. ಅದನ್ನು ನೀನೇ ಕೊಟ್ಟುಬಿಟ್ಟೆ.

ನಿನ್ನ ಮಗಳು ನಿನ್ನ ಹಾಗಲ್ಲ. ಅವತ್ತು ಮಧ್ಯಾಹ್ನ ಪ್ರಸಾದಿ ಊಟಕ್ಕೆ ಬಂದ. ನಡುಮನೆಯಲ್ಲಿ ಮಡಿಲಲ್ಲಿ ಗೊಂಬೆ ಇಟ್ಟುಕೊಂಡು ಕೂತಿದ್ದ ಹುಡುಗಿಯನ್ನು ನೋಡಿ ಹೊಸಿಲಲ್ಲೇ ನಿಂತುಬಿಟ್ಟ. ಮಂಗಳ ಎದ್ದು ನಿಂತಳು. ನಾಚಿಕೊಳ್ಳಲಿಲ್ಲ.

‘ಇವುನ್ನ ಅಟ್ಟಕ್ಕೆ ಹಾಕ್ದೋರು ನೀವೇ ಅಲ್ವಾ?’ ಎಂದು ಕೇಳಿದಳು. ನಾನು ಬೈಯುವಾಗ ಆ ಮಾತು ಬಾಯಿಗೆ ಬಂದುಬಿಟ್ಟಿತ್ತು, ಏನು ಮಾಡಲಿ. ಪ್ರಸಾದಿ ಹೂಂ ಎಂದ.

‘ನಮ್ಮಮ್ಮಂದು ಸುಟ್ಟಾಕಿದ್ರು. ನೀವು ಅಟ್ಟಕ್ಕಾದ್ರೂ ಹಾಕಿದ್ರಿ.’

ಅಷ್ಟೇ ಅಂದದ್ದು. ನನ್ನ ಮಗ ಊಟ ಮಾಡದೆ ಹಿತ್ತಿಲಿಗೆ ಹೋಗಿ ಕಲ್ಲಿನ ಮೇಲೆ ಕೂತ. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಬಂದು, ನನ್ನ ಹತ್ತಿರ ನಿಂತು, ತಪ್ಪಾಯ್ತಮ್ಮ ಎಂದ. ಆ ಹುಡುಗಿಗೆ ಕೇಳಿಸುವ ಹಾಗೇ ಎಂದ. ಇಬ್ಬರೂ ಊಟ ಮಾಡಿದರು. ಬಸ್ ನಿಲ್ದಾಣದ ತನಕ ನಾನೇ ಅವಳ ಜೊತೆ ಹೋದೆ. ಪ್ರಸಾದಿಯನ್ನು ಕಳಿಸಲಿಲ್ಲ, ನಿನಗೆ ಆ ಯೋಚನೆ ಬೇಡ.

ಮದುವೆಯ ಮಾತನ್ನು ನಾನು ಈ ಕಾಗದದಲ್ಲಿ ಬರೆಯುವುದಿಲ್ಲ. ಇದು ನಿನಗೂ ನನಗೂ ಸಂಬಂಧಪಟ್ಟದ್ದು. ನನಗೆ ಕ್ಷಮಾಪಣೆ ಬೇಡ, ಕಣ್ಣೀರೂ ಬೇಡ, ಬೇಕಾದಷ್ಟು ಸುರಿಸಿದ್ದೀಯೆ. ನಮ್ಮ ಮನೆಗೆ ಬಾ. ನಾಲ್ಕು ಜನರ ಮುಂದೆ ಬೀರುವಿನ ಬಾಗಿಲು ನೀನೇ ತೆಗೆ. ಯಾರಾದರೂ ಕೇಳಿದರೆ, ಹೌದು, ನಾವಿಬ್ಬರೂ ಆಡುತ್ತಿದ್ದೆವು, ನನಗೆ ಇವು ಬಹಳ ಇಷ್ಟವಿದ್ದವು, ಈಗಲೂ ಇಷ್ಟ ಎಂದು ಹೇಳು. ಅಲ್ಲಿಯ ತನಕ ನಿನ್ನ ಮೇಲಿನ ಸಿಟ್ಟನ್ನು ಬಿಡುವುದಿಲ್ಲ. ಇನ್ನು ಮುಂದೆ ಗೌರಿಹಬ್ಬಕ್ಕೆ ಸೀರೆಯನ್ನೂ ಕಳಿಸುವುದಿಲ್ಲ. ಕಳಿಸುತ್ತೇನೇನೋ. ಗೊತ್ತಿಲ್ಲ.

ಈ ಕಾಗದವನ್ನು ಮಂಗಳಳ ಟೈಪಿಂಗ್ ಶಾಲೆಯ ವಿಳಾಸಕ್ಕೆ ಹಾಕಬಹುದಿತ್ತು. ಮನೆಗೆ ಬಂದ ಕಾಗದವನ್ನೆಲ್ಲ ಮೊದಲು ಒಡೆದು ಓದುವವರು ಶಿವರುದ್ರಮ್ಮನವರು ಎಂದು ಅವಳು ಹೇಳಿದಳು. ಅದಕ್ಕೇ ಮನೆಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಶಿವರುದ್ರಮ್ಮನವರೇ, ಇಲ್ಲಿಯ ತನಕ ಓದಿದ್ದೀರಿ ಎಂದ ಮೇಲೆ ಇದನ್ನು ಮಡಿಸಿ ಸುವರ್ಣಳ ಕೈಗೆ ಕೊಡಿ. ಒಲೆಗೆ ಹಾಕಬೇಡಿ. ನನ್ನ ಹತ್ತಿರ ಮಸಿ ಇನ್ನೂ ಇದೆ.

ಇಂತಿ, ನಿನ್ನ ಮೇಲೆ ಸಿಟ್ಟಾಗಿರುವ,
ಪೇಟೆಬೀದಿಯ ಎದುರುಮನೆಯ
ಗುರುಶಾಂತಿ

ತಾ.ಕ.: ಹೇಳಬಾರದೆಂದು ಮಾತು ಕೊಟ್ಟಿದ್ದೆ, ಆದರೆ ಕವರು ಅಂಟಿಸಲು ಕೈ ಬರುತ್ತಿಲ್ಲ. ಮೊನ್ನೆ ಶುಕ್ರವಾರ ನಿಮ್ಮ ಯಜಮಾನರು ಒಬ್ಬರೇ ಮಂಡಿಗೆ ಬಂದು, ನಮ್ಮವರ ಜೊತೆ ಮನೆಗೂ ಬಂದಿದ್ದರು. ಮಂಗಳ ಅವರಿಗೆ ಎಲ್ಲವನ್ನೂ ಹೇಳಿದ್ದಾಳೆ. ಒಲೆಯ ವಿಷಯ ಅವರಿಗೆ ಗೊತ್ತೇ ಇರಲಿಲ್ಲವಂತೆ. ಬಡವರ ಮಕ್ಕಳಿಗೆ ಕೊಟ್ಟೆವು ಎಂದು ಅವರಮ್ಮ ಹೇಳಿದ್ದನ್ನು ನಂಬಿ, ನಿನ್ನನ್ನು ಒಂದು ಮಾತೂ ಕೇಳದೆ ಕಚೇರಿಗೆ ಹೋದರಂತೆ. ತಮ್ಮ ಅಕ್ಕನ ಹತ್ತಿರ ಹುಟ್ಟಿದಂದಿನಿಂದ ಮೊದಲ ಸಲ ಗಟ್ಟಿಯಾಗಿ ಮಾತಾಡಿದೆ ಎಂದರು. ಜಾತಕದ ಮಾತು ಬಿಟ್ಟುಬಿಡಿ, ಹಬ್ಬ ಕಳೆದ ಮೇಲೆ ತಾಂಬೂಲ ಬದಲಾಯಿಸೋಣ ಎಂದರು. ನಮ್ಮವರು ಆಗಲಿ ಎಂದರು. ನಾನು ಕಾಫಿ ಕೊಟ್ಟೆ, ಉಪ್ಪಿಟ್ಟು ಮಾಡಲಿಲ್ಲ. ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತ, ಅಕ್ಕಪಕ್ಕ ನೋಡಿ, ಇಂಥ ಗೊಂಬೆ ಚನ್ನಪಟ್ಟಣದಲ್ಲಿ ಯಾವ ಬೀದಿಯಲ್ಲಿ ಸಿಗುತ್ತವೆ, ಯಾವ ಬಸ್ಸು ಹತ್ತಬೇಕು ಎಂದು ಮೆಲ್ಲಗೆ ಕೇಳಿದರು. ಹೇಳಿದೆ. ಬರುವ ಭಾನುವಾರ ಇಸ್ಪೀಟು ಬಿಟ್ಟು ಹೋಗುತ್ತಾರಂತೆ. ತಂದುಕೊಟ್ಟಾಗ ಏನೂ ಗೊತ್ತಿಲ್ಲದವಳ ಹಾಗೆ ಇರು. ಆದರೆ ಬಣ್ಣ ಹಿಡಿಸದಿದ್ದರೆ ಹಿಡಿಸಲಿಲ್ಲ ಎಂದು ಬಾಯಿಬಿಟ್ಟು ಹೇಳು, ಬೇರೆ ತರಲಿ. ತಂದದ್ದಕ್ಕೆಲ್ಲ ತಲೆಯಾಡಿಸಿದ್ದು ಸಾಕು.